ಸಂಬಳದ ಖಾತೆಯೂ ಕ್ರೆಡಿಟ್ ಕಾರ್ಡೂ ಒಂದೇ ಬ್ಯಾಂಕಿನಲ್ಲಿದ್ದರೆ ಎಚ್ಚರ

ಕಳೆದ ವರ್ಷ ಆಗಸ್ಟ್ 1ರ ಬೆಳಿಗ್ಗೆ 24,000 ರೂಪಾಯಿ ಸಂಬಳ ಜಮೆಯಾದ ಸಂದೇಶ ಬಂದು ಹನ್ನೊಂದು ನಿಮಿಷ ಕಳೆಯುವಷ್ಟರಲ್ಲಿ ಇನ್ನೊಂದು ಸಂದೇಶ ಬಂತು: 23,400 ರೂಪಾಯಿ ಕಾರ್ಡಿನ ಬಾಕಿಗೆ ಹೊಂದಾಣಿಕೆಯಾಗಿದೆ, ಉಳಿಕೆ 612 ರೂಪಾಯಿ. ಪೀಣ್ಯದ ಕಾರ್ಖಾನೆಯ ಗೇಟಿನ ಬಳಿ ನಿಂತು ಆ ಸಾಲನ್ನು ಮೂರು ಸಲ ಓದಿದೆ. ಮನೆ ಬಾಡಿಗೆ, ಮಗಳ ಶಾಲೆಯ ಕಂತು, ಅಮ್ಮನ ಸಕ್ಕರೆ ಕಾಯಿಲೆಯ ಮಾತ್ರೆ, ಎಲ್ಲವೂ ಆ ಹಣದಲ್ಲೇ ಆಗಬೇಕಿತ್ತು.

ಸಾಲ ಬೆಳೆದದ್ದು ಅಮ್ಮನ ಶಸ್ತ್ರಚಿಕಿತ್ಸೆಯಿಂದ. ಬಾಕಿ 1,80,000 ರೂಪಾಯಿ ಇದ್ದಾಗ ಶೇಕಡಾ 5ರ ಮಿನಿಮಮ್ ಡ್ಯೂ (ಆ ತಿಂಗಳು ಕಟ್ಟಲೇಬೇಕಾದ ಕನಿಷ್ಠ ಮೊತ್ತ) ಎಂದು ತಿಂಗಳಿಗೆ 9,000 ಕಟ್ಟುತ್ತಿದ್ದೆ. ತಿಂಗಳಿಗೆ ಶೇಕಡಾ 3.5ರಂತೆ ಬಡ್ಡಿ 6,300, ಅದರ ಮೇಲೆ ಶೇಕಡಾ 18 ಜಿಎಸ್‌ಟಿ 1,134 ರೂಪಾಯಿ. ಅಸಲಿಗೆ ಹೋಗುತ್ತಿದ್ದದ್ದು 1,566 ಮಾತ್ರ. ಹಳೆಯ ಬಾಕಿ ಉಳಿದಿರುವವರೆಗೆ ಹೊಸ ಖರೀದಿಗೂ ಬಡ್ಡಿರಹಿತ ಅವಧಿ ಸಿಗುವುದಿಲ್ಲ ಎಂಬುದು ಗೊತ್ತಿಲ್ಲದೆ ದಿನಸಿಯನ್ನೂ ಅದೇ ಕಾರ್ಡಿನಲ್ಲಿ ತಂದೆ. ಎರಡು ತಿಂಗಳು ಕಟ್ಟಲಾಗಲಿಲ್ಲ. ಮೂರನೆಯ ತಿಂಗಳು ಸಂಬಳವೇ ಹೋಯಿತು.

ಶಾಖೆಯಲ್ಲಿ ವಿಚಾರಿಸಿದಾಗ, ಕಾರ್ಡು ಪಡೆಯುವಾಗ ನಾನು ಸಹಿ ಮಾಡಿದ್ದ ಕಾಗದವನ್ನು ಮುಂದಿಟ್ಟರು. ಆ ಬ್ಯಾಂಕಿನಲ್ಲಿರುವ ನನ್ನ ಯಾವುದೇ ಖಾತೆಯ ಹಣವನ್ನು ಬಾಕಿಗೆ ಹೊಂದಿಸಿಕೊಳ್ಳುವ ಹಕ್ಕನ್ನು ನಾನೇ ಅದರಲ್ಲಿ ಕೊಟ್ಟಿದ್ದೆ. ಇದನ್ನು ಸೆಟ್‌ಆಫ್ ಎನ್ನುತ್ತಾರೆ. ನನಗೆ ಅತ್ಯಂತ ನೋವು ತಂದ ಸಂಗತಿ ಇದು: ಅದೇ ಬ್ಯಾಂಕು ಕೋರ್ಟಿಗೆ ಹೋಗಿ ಡಿಕ್ರಿ, ಅಂದರೆ ಹಣ ಕಟ್ಟಬೇಕೆಂಬ ಕೋರ್ಟಿನ ಆದೇಶ, ಪಡೆದು ಬಂದಿದ್ದರೂ ಇಷ್ಟು ಹಣವನ್ನು ಮುಟ್ಟಲಾಗುತ್ತಿರಲಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮಿನ ಪ್ರಕಾರ, ಜೀವನಾಂಶದ ಡಿಕ್ರಿಯನ್ನು ಬಿಟ್ಟು ಉಳಿದವುಗಳಲ್ಲಿ ಸಂಬಳದ ಮೊದಲ 1,000 ರೂಪಾಯಿ ಮತ್ತು ಉಳಿದದ್ದರ ಮೂರನೇ ಎರಡು ಭಾಗ ಜಪ್ತಿಗೆ ಒಳಪಡುವುದಿಲ್ಲ. ನನ್ನ ಸಂಬಳದ ಲೆಕ್ಕದಲ್ಲಿ ಜಪ್ತಿಗೆ ಸಿಗುವುದು ಹೆಚ್ಚೆಂದರೆ ಸುಮಾರು 7,667 ರೂಪಾಯಿ. ಕೂಲಿ ಕಾರ್ಮಿಕರ ವೇತನಕ್ಕೂ ಭವಿಷ್ಯ ನಿಧಿಯ ಹಣಕ್ಕೂ ಸರ್ಕಾರಿ ಪಿಂಚಣಿಗೂ ಕಾನೂನಿನ ರಕ್ಷಣೆ ಇನ್ನೂ ಬಿಗಿಯಾಗಿದೆ. ಆದರೆ ಈ ರಕ್ಷಣೆಯೆಲ್ಲ ಕೋರ್ಟಿನ ಜಪ್ತಿಯ ಎದುರಿಗೆ. ನಾವೇ ಸಹಿ ಮಾಡಿಕೊಟ್ಟ ಒಪ್ಪಿಗೆಯ ಎದುರು ಅದನ್ನು ನೆಚ್ಚಿ ಕೂರುವಂತಿಲ್ಲ.

ಆದ್ದರಿಂದ, ಬಿಲ್ಲು ಕಟ್ಟಲಾಗುವುದಿಲ್ಲ ಎಂದು ಗೊತ್ತಾದ ತಿಂಗಳೇ, ಯಾವ ಸಾಲವೂ ಇಲ್ಲದ ಬೇರೆ ಬ್ಯಾಂಕಿನಲ್ಲಿ ಖಾತೆ ತೆರೆದು, ಸಂಬಳವನ್ನು ಅಲ್ಲಿಗೆ ಹಾಕುವಂತೆ ಕಂಪನಿಗೆ ಬರೆದುಕೊಡಿ; ಹಳೆಯ ಖಾತೆಯಿಂದ ಹಣ ತಾನಾಗಿಯೇ ಕಡಿತವಾಗುವ ಆಟೋ ಡೆಬಿಟ್ ಆದೇಶವನ್ನು ಲಿಖಿತವಾಗಿ ರದ್ದುಮಾಡಿಸಿ. ಇದು ಸಾಲ ಮುಳುಗಿಸುವ ಉಪಾಯವಲ್ಲ. ಬಾಕಿ ನನ್ನ ಮೇಲೆ ಹಾಗೆಯೇ ಇದೆ, ಅದನ್ನು ತೀರಿಸುತ್ತಲೂ ಇದ್ದೇನೆ. ಅಕ್ಕಿಗೂ ಔಷಧಿಗೂ ಬೇಕಾದದ್ದನ್ನು ತೆಗೆದಿಟ್ಟು ಎಷ್ಟು ಕಟ್ಟಬಹುದು ಎಂಬುದನ್ನು ನಾನು ನಿರ್ಧರಿಸುತ್ತೇನೆ, ಅಷ್ಟೇ.

ವಸೂಲಿಯವರು ರಾತ್ರಿ 9ಕ್ಕೆ ಫೋನ್ ಮಾಡಿ ಪೊಲೀಸರ ಹೆಸರು ಹೇಳಿ ಬೆದರಿಸುತ್ತಿದ್ದರು. ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ವಸೂಲಿಗಾಗಿ ಕರೆ ಮಾಡುವಂತಿಲ್ಲ ಎಂದು ರಿಸರ್ವ್ ಬ್ಯಾಂಕ್ 2022ರಲ್ಲೇ ನಿರ್ದೇಶಿಸಿದೆ. ಮೋಸದ ಉದ್ದೇಶವಿಲ್ಲದೆ ಕಾರ್ಡಿನ ಬಾಕಿ ಕಟ್ಟಲಾಗದೆ ಹೋಗುವುದು ಅಪರಾಧವೂ ಅಲ್ಲ. ಕರೆ ಬಂದ ಸಮಯವನ್ನು ಮಗಳ ಹಳೆಯ ನೋಟ್‌ಬುಕ್ಕಿನಲ್ಲಿ ಬರೆದಿಟ್ಟು, ಮೊದಲು ಬ್ಯಾಂಕಿಗೆ ಲಿಖಿತ ದೂರು ಕೊಟ್ಟೆ. 30 ದಿನ ಕಳೆದರೂ ಉತ್ತರ ಬಾರದಿದ್ದಾಗ ಬ್ಯಾಂಕುಗಳ ಮೇಲಿನ ಗ್ರಾಹಕರ ದೂರುಗಳನ್ನು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಸಲ್ಲಿಸಿದೆ, ಅದಕ್ಕೆ ಶುಲ್ಕವಿಲ್ಲ. ಆ ಬಳಿಕವೇ ಬ್ಯಾಂಕು ಮಾತುಕತೆಗೆ ಕರೆದು ಬಾಕಿಯನ್ನು 36 ಕಂತುಗಳಾಗಿ ಮಾಡಿಕೊಟ್ಟಿತು.

ಇದರ ನಡುವೆ, 15,000 ಕೊಟ್ಟರೆ ಅರ್ಧ ಸಾಲ ಮನ್ನಾ ಮಾಡಿಸುತ್ತೇನೆಂದು ಒಬ್ಬರು ತಮ್ಮ ಸ್ವಂತ ಮೊಬೈಲ್ ನಂಬರಿಗೆ ಹಣ ಕಳಿಸಲು ಹೇಳಿದರು. ಬ್ಯಾಂಕಿನ ಲೆಟರ್‌ಹೆಡ್ಡಿನಲ್ಲಿ ಮೊತ್ತ ಬರೆದ ಪತ್ರ ಕೈಗೆ ಬರುವವರೆಗೆ ಒಂದು ರೂಪಾಯಿಯನ್ನೂ ಕೊಡುವುದಿಲ್ಲ ಎಂದೆ. ಅವರ ಕರೆ ಮತ್ತೆ ಬರಲಿಲ್ಲ.