ಎಂಜಿಬಿ ಇಟ್ಟುಕೊಂಡವರೇ, ಎಸ್‌ಯು ಬಿಚ್ಚಿಸುವ ಮೊದಲು ಇದನ್ನು ಓದಿ

ಇಂಗ್ಲೆಂಡಿನಲ್ಲಿ ಹಳೇ ಸ್ಪೋರ್ಟ್ಸ್ ಕಾರು ಸಾಕುವವರಿಗೆ ಒಂದು ಸಲಹೆ ಪುಕ್ಕಟೆಯಾಗಿ ಸಿಗುತ್ತದೆ. "ಆ ಎಸ್‌ಯು ಜೋಡಿ ತೆಗೆದು ಬಿಸಾಕಿ, ಒಂದು ವೆಬರ್ ಹಾಕಿಸಿ, ತಲೆನೋವೇ ಇರಲ್ಲ" ಅಂತ. ಎಸ್‌ಯು, ವೆಬರ್ ಎರಡೂ ಎಂಜಿನ್ನಿಗೆ ಪೆಟ್ರೋಲ್ ಮತ್ತು ಗಾಳಿ ಬೆರೆಸಿ ಕೊಡುವ ಕಾರ್ಬುರೇಟರ್‌ಗಳು; ಎಸ್‌ಯು ಗಾಡಿಯ ಜೊತೆಗೇ ಬಂದದ್ದು. ಸಲಹೆ ಮಾತ್ರ ಪುಕ್ಕಟೆ. ನನ್ನ 1970ರ ಎಂಜಿಬಿ ಸ್ಪೋರ್ಟ್ಸ್ ಕಾರಿಗೆ ಈ ಕೆಲಸಕ್ಕೆ ಸಾವಿರ ಪೌಂಡಿಗಿಂತ ಜಾಸ್ತಿ ಹೋಯಿತು. ಎಂಜಿನ್ ಮುಗ್ಗರಿಸುವ ಮಿಸ್ಸಿಂಗ್ ಮಾತ್ರ ಹೋಗಲಿಲ್ಲ.

ಗಾಡಿಯ ಕಾಯಿಲೆ ಹೀಗಿತ್ತು. ತಣ್ಣಗಿದ್ದಾಗ ಚೆನ್ನಾಗಿ ಓಡುತ್ತಿತ್ತು. ಎಂಜಿನ್ ಬಿಸಿಯಾದ ಮೇಲೆ ಮುಗ್ಗರಿಸುತ್ತಿತ್ತು. ಹಳೇ ಕಾರುಗಳ ತಜ್ಞರು ಅಂತ ಬೋರ್ಡು ಹಾಕಿಕೊಂಡಿದ್ದ ಗ್ಯಾರೇಜಿಗೆ ಬಿಟ್ಟೆ. ಅಲ್ಲಿನವರು ಬಾನೆಟ್ ಎತ್ತಿ, ಎರಡು ಸಲ ಆಕ್ಸಿಲರೇಟರ್ ಒತ್ತಿ, "ಕಾರ್ಬುರೇಟರ್ ಸವೆದಿದೆ" ಅಂದರು. ಪ್ಲಗ್‌ಗಳಿಗೆ ಕರೆಂಟು ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳ ಕೂಡ ತೆಗೆಯಲಿಲ್ಲ. ಎಚ್‌ಎಸ್4 ಮಾದರಿಯ ಎಸ್‌ಯು ಜೋಡಿ ಹೋಗಿ ವೆಬರಿನ 45 ಡಿಸಿಒಇ ಮಾದರಿ ಬಂದು ಕೂತಿತು. ನೋಡೋಕೆ ಸೊಗಸಾಗಿತ್ತು ಬಿಡಿ, ಬಾನೆಟ್ ತೆರೆದರೆ ನಾಲ್ಕು ಜನ ಬಗ್ಗಿ ನೋಡುವ ಹಾಗೆ.

ಅದೇ ಮುಗ್ಗರಿಕೆ ಮುಂದುವರಿಯಿತು. ಮೈಲೇಜ್ ಬಿದ್ದುಹೋಯಿತು. ನಿಧಾನಕ್ಕೆ ಓಡಿಸುವಾಗ ಪಿಕಪ್ ಇಲ್ಲ. ಕೊನೆಗೆ ಎಂಜಿ ಕ್ಲಬ್ಬಿನ ಒಬ್ಬ ಹಿರಿಯರು ಬಂದು ನೋಡಿದರು. ಮೊದಲು ಮುಟ್ಟಿದ್ದೇ ಕಂಡೆನ್ಸರ್, ಅಂದರೆ ಕಿಡಿ ಸರಿಯಾಗಿ ಹುಟ್ಟಲು ಡಿಸ್ಟ್ರಿಬ್ಯೂಟರಿನಲ್ಲಿ ಇರುವ ಪುಟ್ಟ ಭಾಗ. ಅದು ಬಿಸಿಯಾದ ಮೇಲೆ ಕೈಕೊಡುತ್ತಿತ್ತು, ಅಷ್ಟೇ. ಕೆಲವೇ ಪೌಂಡಿನ ಸಾಮಾನು. ಕಾರ್ಬುರೇಟರ್ ದೂರುಗಳಲ್ಲಿ ಹೆಚ್ಚಿನವು ಕರೆಂಟಿನವು ಅನ್ನೋದು ಇಲ್ಲಿನ ಹಳೇ ಮೆಕ್ಯಾನಿಕ್‌ಗಳ ಮಾತು. ಈಗ ಬರುವ ಕಂಡೆನ್ಸರ್, ರೋಟರ್ ಆರ್ಮ್‌ಗಳಲ್ಲಿ ಕಳಪೆ ಮಾಲು ತುಂಬಾ ಇದೆ. ಹೊಸದು ಹಾಕಿದ್ದೇವೆ, ಅದು ಸರಿ ಇರಲೇಬೇಕು ಅಂದುಕೊಳ್ಳಬೇಡಿ.

ಮೈಲೇಜ್ ಬಿದ್ದದ್ದು ಯಾಕೆ? ಎಚ್‌ಎಸ್4ರಲ್ಲಿ ಡಿಸ್ಟ್ರಿಬ್ಯೂಟರಿನ ವ್ಯಾಕ್ಯೂಮ್ ಪೈಪಿಗೆ ಒಂದು ಕಿಂಡಿ ಇತ್ತು. ಡಿಸಿಒಇಯಲ್ಲಿ ಸಾಮಾನ್ಯವಾಗಿ ಅದು ಇರುವುದಿಲ್ಲ. ಗ್ಯಾರೇಜಿನವರು ಆ ಪೈಪಿಗೆ ಸುಮ್ನೆ ಬಿರಡೆ ಹಾಕಿ ಬಿಟ್ಟಿದ್ದರು. ಅರ್ಧ ಆಕ್ಸಿಲರೇಟರಿನಲ್ಲಿ ಓಡುವಾಗ ಸಿಗಬೇಕಾದ ಟೈಮಿಂಗ್ ಅಡ್ವಾನ್ಸ್ (ಕಿಡಿ ಸ್ವಲ್ಪ ಮೊದಲೇ ಹೊತ್ತುವುದು) ಅಲ್ಲಿಗೆ ಹೋಯಿತು. ರಸ್ತೆಯ ಮೇಲೆ ನಾವು ಜಾಸ್ತಿ ಓಡಿಸೋದೇ ಹಾಗೆ ಅಲ್ವಾ? ಇದನ್ನು ಬಿಲ್ಲಿನಲ್ಲಿ ಬರೆದಿರಲಿಲ್ಲ, ಬಾಯಿ ಮಾತಲ್ಲೂ ಹೇಳಿರಲಿಲ್ಲ.

ವೆಬರ್ ಕೆಟ್ಟದ್ದು ಅನ್ನುತ್ತಿಲ್ಲ. ರೇಸಿಗೆ ಕ್ಯಾಮ್, ಹೆಡ್ ಎಲ್ಲ ಬದಲಿಸಿದ ಎಂಜಿನ್ನಿಗೆ ಅದು ಒಳ್ಳೆಯದೇ. ಆದರೆ ಎಂಜಿಬಿಯ 1798 ಸಿಸಿ ಎಂಜಿನ್ ನೋಡಿ. ಸಿಲಿಂಡರ್ ನಾಲ್ಕು, ಗಾಳಿ ಒಳಗೆ ಹೋಗುವ ಬಾಯಿ ಎರಡೇ. ಎರಡೆರಡು ಸಿಲಿಂಡರಿಗೆ ಒಂದೊಂದು. ಮೂಲದ ಎಂಜಿನ್ ಹಾಗೇ ಇಟ್ಟುಕೊಂಡು ದೊಡ್ಡ ವೆಬರ್ ಕೂರಿಸಿದರೆ ಸದ್ದು ಜೋರಾಗುತ್ತದೆ, ಓಟದಲ್ಲಿ ಹೇಳಿಕೊಳ್ಳುವಂಥ ಲಾಭ ಇಲ್ಲ. ಇನ್ನೊಂದು ವಿಷಯ. ಡಬ್ಬಿಯಿಂದ ತೆಗೆದ ವೆಬರ್ ನಿಮ್ಮ ಎಂಜಿನ್ನಿಗೆ ಅಂತ ಹೊಂದಿಸಿದ್ದಲ್ಲ. ಚೋಕ್ (ಗಾಳಿ ಹಾಯುವ ಕೊರಳು), ಮೇನ್ ಜೆಟ್, ಐಡಲ್ ಜೆಟ್, ಏರ್ ಕರೆಕ್ಟರ್, ಎಮಲ್ಷನ್ ಟ್ಯೂಬ್ ಹೀಗೆ ಒಳಗಿನ ಭಾಗ ಎಲ್ಲವನ್ನೂ ಆರಿಸಬೇಕು. ಆಮೇಲೆ ರೋಲಿಂಗ್ ರೋಡ್ (ಗಾಡಿ ನಿಂತಲ್ಲೇ ಓಡಿಸಿ ಅಳೆಯುವ ಉರುಳೆ ಯಂತ್ರ) ಮೇಲೆ ಹತ್ತಿಸಿ ನೋಡಬೇಕು. ಆ ಖರ್ಚು ಯಾರೂ ಮೊದಲು ಹೇಳುವುದಿಲ್ಲ. ನಕಲಿ ವೆಬರ್‌ಗಳೂ ಓಡಾಡುತ್ತಿವೆ.

ಎಸ್‌ಯು ಅಷ್ಟು ಕಷ್ಟದ್ದಲ್ಲ. ಅದರೊಳಗೇ ಒಂದು ಪಿಸ್ಟನ್, ಒಂದು ನೀಡಲ್, ಪೆಟ್ರೋಲ್ ಬರುವ ಒಂದು ಜೆಟ್. ಎಂಜಿನ್ ಎಳೆದಷ್ಟು ಗಾಳಿಗೆ ಪಿಸ್ಟನ್ ಏರುತ್ತದೆ, ಮೊನಚಾದ ನೀಡಲ್ ಜೊತೆಗೇ ಏರಿ ಅಷ್ಟೇ ಪೆಟ್ರೋಲ್ ಬಿಡುತ್ತದೆ. ಪಿಸ್ಟನ್ನಿನ ಓಟ ತಡೆದು ಹಿಡಿಯುವ ಮೇಲಿನ ಡ್ಯಾಶ್‌ಪಾಟಿನಲ್ಲಿ 20 ಗ್ರೇಡಿನ ಎಣ್ಣೆ ಇರಬೇಕು. ಅದು ಒಣಗಿದ್ದರೆ ಆಕ್ಸಿಲರೇಟರ್ ಒತ್ತಿದ ತಕ್ಷಣ ಎಂಜಿನ್ ಕೆಮ್ಮುತ್ತದೆ. ಎಷ್ಟೋ ಜನ ಇದೊಂದನ್ನು ನೋಡದೆ ಸಾವಿರಗಟ್ಟಲೆ ಸುರಿಯುತ್ತಾರೆ.

ಸವೆಯುವುದು ಥ್ರಾಟಲ್ ಸ್ಪಿಂಡಲ್, ಅಂದರೆ ಗಾಳಿಯ ಬಾಗಿಲು ತಿರುಗುವ ಕಡ್ಡಿ. ಕೈಯಲ್ಲಿ ಅಲುಗಾಡಿಸಿ ನೋಡಿ. ಸಡಿಲ ಇದ್ದರೆ ಅಲ್ಲಿಂದ ಗಾಳಿ ಎಳೆಯುತ್ತದೆ, ಆಗ ಎಷ್ಟು ಟ್ಯೂನ್ ಮಾಡಿದರೂ ಐಡಲ್ ನಿಲ್ಲುವುದಿಲ್ಲ. ಆದರೂ ಬಿಸಾಕಬೇಕಿಲ್ಲ, ಹೊಸ ಬುಷ್ ಹಾಕಿಸಿದರೆ ಸಾಕು. ಎಸ್‌ಯು ಬಿಡಿಭಾಗ ಈಗಲೂ ಹೊಸದಾಗಿ ತಯಾರಾಗುತ್ತವೆ. ಪಿಸ್ಟನ್ ಮತ್ತು ಅದರ ಮೇಲಿನ ಗುಮ್ಮಟ ಒಂದಕ್ಕೊಂದು ಹೊಂದಿಸಿದ ಜೋಡಿ. ತೊಳೆಯುವಾಗ ಒಂದರದ್ದು ಇನ್ನೊಂದಕ್ಕೆ ಹೋಗಬಾರದು.

ಟ್ಯೂನಿಂಗ್‌ಗೆ ಮೊದಲು ಟ್ಯಾಪೆಟ್, ಪ್ಲಗ್, ಪಾಯಿಂಟ್ಸ್, ಟೈಮಿಂಗ್ ಈ ಕ್ರಮದಲ್ಲಿ ಮುಗಿಸಿ. ಎಂಜಿನ್ ಚೆನ್ನಾಗಿ ಬಿಸಿಯಾಗಲಿ. ಎರಡು ಕಾರ್ಬುರೇಟರ್ ಸೇರಿಸುವ ಕ್ಲಾಂಪ್ ಸಡಿಲಿಸಿ, ಒಂದು ರಬ್ಬರ್ ಪೈಪಿನ ಒಂದು ತುದಿ ಕಾರ್ಬುರೇಟರಿನ ಬಾಯಿಗೆ, ಇನ್ನೊಂದು ಕಿವಿಗೆ ಹಿಡಿದು ಎರಡರ ಸದ್ದೂ ಒಂದೇ ಆಗುವವರೆಗೆ ಸ್ಕ್ರೂ ತಿರುಗಿಸಿ. ಮಿಕ್ಸ್ಚರ್ ಹೊಂದಿಸುವ ಎರಡೂ ಜೆಟ್ ನಟ್ ಪೂರ್ತಿ ಮೇಲಕ್ಕೆ ಬಿಗಿದು 12 ಮುಖ (ಆರು ಬದಿಯ ನಟ್ಟಿನ ಒಂದೊಂದು ಬದಿ ಒಂದು ಮುಖ), ಅಂದರೆ 2 ಸುತ್ತು, ಕೆಳಗಿಳಿಸಿ ಶುರುಮಾಡಿ. ಆಮೇಲೆ ಒಂದೊಂದೇ ಮುಖ, ಎರಡಕ್ಕೂ ಸಮವಾಗಿ. ಪಕ್ಕದ ಪಿನ್ನಿನಿಂದ ಪಿಸ್ಟನ್ನನ್ನು ಒಂದು ಮಿಲಿಮೀಟರಿಗೂ ಕಡಿಮೆ ಎತ್ತಿ ನೋಡಿ. ಎಂಜಿನ್ ವೇಗ ಏರಿ ಹಾಗೇ ನಿಂತರೆ ರಿಚ್, ಅಂದರೆ ಪೆಟ್ರೋಲ್ ಜಾಸ್ತಿ. ತಕ್ಷಣ ಬಿದ್ದರೆ ಲೀನ್, ಪೆಟ್ರೋಲ್ ಕಡಿಮೆ. ಚೂರು ಏರಿ ಮತ್ತೆ ಇಳಿದರೆ ಸರಿ. ಒಂದನ್ನು ತಿರುಗಿಸಿದರೆ ಇನ್ನೊಂದು ಬದಲಾಗುತ್ತದೆ, ಅದಕ್ಕೇ ತಾಳ್ಮೆ ಬೇಕು.

ಪೆಟ್ರೋಲ್ ಪೈಪಿನ ಬಗ್ಗೆ ಮಾತ್ರ ಹಠ ಹಿಡಿದು ಹೇಳುತ್ತೇನೆ. ಎಂಜಿಬಿಯಲ್ಲಿ ಕಾರ್ಬುರೇಟರ್ ಮತ್ತು ಎಕ್ಸಾಸ್ಟ್ ಒಂದೇ ಪಕ್ಕದಲ್ಲಿವೆ. ತೊಟ್ಟಿಕ್ಕಿದ ಪೆಟ್ರೋಲ್ ಕಾದ ಕಬ್ಬಿಣದ ಮೇಲೇ ಬೀಳುತ್ತದೆ. ಬ್ರಿಟನ್ನಿನಲ್ಲಿ 2021ರ ಸೆಪ್ಟೆಂಬರಿನಿಂದ ಮಾಮೂಲಿ ಪೆಟ್ರೋಲ್ ಇ10, ಅಂದರೆ ಶೇಕಡಾ 10ರವರೆಗೆ ಎಥನಾಲ್ ಬೆರೆಸಿದ್ದು. ಎಥನಾಲ್ ಹಳೇ ರಬ್ಬರನ್ನು ತಿನ್ನುತ್ತದೆ, ಮಿಕ್ಸ್ಚರನ್ನು ಲೀನ್ ಮಾಡುತ್ತದೆ. ಸೂಪರ್ ದರ್ಜೆಯದು ಇ5, ಹಳೇ ಗಾಡಿಗೆ ಅದೇ ಹಾಕಿ. ಬೆಂಗಳೂರಿನಲ್ಲಿ ಹಳೇ ಎಂಜಿ ಇಟ್ಟುಕೊಂಡವರಿಗೆ ಈಗ ಬಂಕಿನಲ್ಲಿ ಸಿಗುವುದು ಇ20, ಹಾಗಾಗಿ ನೀವು ಇನ್ನೂ ಹುಷಾರಾಗಿರಬೇಕು. ಎಥನಾಲ್ ತಡೆದುಕೊಳ್ಳುವ ಆರ್9 ಗುರುತಿನ ಪೈಪ್ ಕೇಳಿ ಹಾಕಿಸಿ. ವೆಬರ್ ಕೂರಿಸುವಾಗ ನನ್ನ ಗಾಡಿಗೆ ಹಾಕಿದ್ದ ಪೈಪಿನ ಮೇಲೆ ಯಾವ ಗುರುತೂ ಇರಲಿಲ್ಲ.

ಇನ್ನು ನನ್ನ ಹಳೇ ಎಚ್‌ಎಸ್4 ಜೋಡಿ. ವಾಪಸ್ ಕೇಳಿದಾಗ "ಅದು ಸ್ಕ್ರ್ಯಾಪ್, ಆಗಲೇ ಹೋಯ್ತು" ಅಂದರು. ರಿಪೇರಿ ಮಾಡಿದ ಒಂದು ಜೋಡಿಗೆ ಇಲ್ಲಿ ಎಷ್ಟು ಬೆಲೆ ಇದೆ ಅಂತ ಅವರಿಗೆ ಗೊತ್ತಿರಲಿಲ್ಲವೇ? ಮತ್ತೊಂದು ಜೋಡಿ ಕೊಂಡು ಹಾಕಿಸಿದೆ, ಗಾಡಿ ಈಗ ಸರಿಯಾಗಿ ಓಡುತ್ತಿದೆ. ನೀವು ಎಲ್ಲಿಗೇ ಬಿಡಿ, ಬಿಚ್ಚಿದ ಸಾಮಾನೆಲ್ಲ ವಾಪಸ್ ಬೇಕು ಅಂತ ಜಾಬ್ ಕಾರ್ಡಿನಲ್ಲೇ ಬರೆಸಿ. ಕಾರ್ಬುರೇಟರ್ ಹೋಗಿದೆ ಅಂದರೆ, ಸ್ಪಿಂಡಲ್ ಅಲುಗಾಡಿಸಿ ತೋರಿಸಿ ಅನ್ನಿ. ತೋರಿಸಲು ಮನಸ್ಸಿಲ್ಲದವರ ಹತ್ತಿರ ಕೀ ಬಿಡಬೇಡಿ.