ಎಸ್‌ಎಂಪಿಎಸ್ ಬದಲಾಯಿಸುವಾಗ ಹಳೇ ಕೇಬಲ್ ಉಳಿಸಿಕೊಳ್ಳಬೇಡಿ

ಕಂಪ್ಯೂಟರಿನ ಎಸ್‌ಎಂಪಿಎಸ್ (ಒಳಗಿನ ಭಾಗಗಳಿಗೆಲ್ಲ ಕರೆಂಟ್ ಕೊಡುವ ಡಬ್ಬ) ಕೆಟ್ಟು ಹೊಸದು ಹಾಕಿಸುತ್ತಿದ್ದೀರಾ? ಕೇಬಲ್‌ಗಳನ್ನು ಬಿಚ್ಚಿ ಹಾಕಬಹುದಾದ ಮಾಡ್ಯುಲರ್ ಎಸ್‌ಎಂಪಿಎಸ್ ಆಗಿದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ.

ನಮ್ಮದು ದಾವಣಗೆರೆಯಲ್ಲಿ ಚಿಕ್ಕ ಡಿಟಿಪಿ ಅಂಗಡಿ. ಮದುವೆ ಸೀಸನ್ನಿನಲ್ಲಿ ಒಂದು ಸಂಜೆ ಕರೆಂಟ್ ಹೋಗಿ ಬಂತು, ಕಂಪ್ಯೂಟರ್ ಮತ್ತೆ ಆನ್ ಆಗಲೇ ಇಲ್ಲ. ರಿಪೇರಿಯವರು ಬಂದು ಎಸ್‌ಎಂಪಿಎಸ್‌ನಿಂದ ಮದರ್‌ಬೋರ್ಡಿಗೆ ಹೋಗುವ 24 ಪಿನ್ ಪ್ಲಗ್‌ನಲ್ಲಿ ಸಣ್ಣ ವೈರ್ ಸಿಕ್ಕಿಸಿ ಶಾರ್ಟ್ ಮಾಡಿ ನೋಡಿದರು. ಎಸ್‌ಎಂಪಿಎಸ್ ಫ್ಯಾನ್ ತಿರುಗಲಿಲ್ಲ. ಹೋಗಿದೆ ಅಂದರು, ಬೇರೆ ಕಂಪನಿಯ ಹೊಸದು ತಂದರು. ಅಲ್ಲಿವರೆಗೆ ಎಲ್ಲ ಸರಿಯಾಗೇ ಇತ್ತು.

ಹಳೇ ಕೇಬಲ್‌ಗಳು ಮದರ್‌ಬೋರ್ಡ್ ಹಿಂದೆ ಟೈ ಹಾಕಿ ಕಟ್ಟಿದ್ದವು. ಮದರ್‌ಬೋರ್ಡಿನ ಕೇಬಲ್‌ಗಳನ್ನು ಹೊಸದು ಹಾಕಿದರು. ಡಿಸ್ಕ್‌ಗಳಿಗೆ ಹೋಗುವ ಸಾಟಾ ಪವರ್ ಕೇಬಲ್ ಮಾತ್ರ ಹಳೆಯದನ್ನೇ ಬಿಟ್ಟರು. "ಇದನ್ನೂ ಬದಲಾಯಿಸಲ್ವಾ?" ಅಂತ ಕೇಳಿದೆ. "ಎಲ್ಲಾ ಒಂದೇ ಮೇಡಂ, ನೋಡಿ ಎಷ್ಟು ಸಲೀಸಾಗಿ ಕೂತ್ಕೊಳ್ತು" ಅಂದರು. ಕೂತಿದ್ದಂತೂ ನಿಜ, ಕ್ಲಿಕ್ ಅಂತ ಸದ್ದೂ ಬಂತು. ಸ್ವಿಚ್ ಹಾಕಿದ ಕೂಡಲೇ ಪಟ್ ಅಂದಿತು, ಸುಟ್ಟ ಪ್ಲಾಸ್ಟಿಕ್ ವಾಸನೆ ಬಂತು. ಹಾರ್ಡ್ ಡಿಸ್ಕ್, ಸಾಟಾ ಎಸ್‌ಎಸ್‌ಡಿ (ಚಿಪ್‌ಗಳಲ್ಲಿ ಡೇಟಾ ಇಡುವ ಡಿಸ್ಕ್) ಎರಡೂ ಹೋದವು. ವರ್ಷಗಟ್ಟಲೆ ಮಾಡಿದ ಲಗ್ನಪತ್ರಿಕೆ ಡಿಸೈನ್‌ಗಳು, ಗಿರಾಕಿಗಳ ಫೋಟೋಗಳು ಅವುಗಳಲ್ಲೇ ಇದ್ದವು. ವಿಂಡೋಸ್ ಇದ್ದ ಎಂ.2 ಎಸ್‌ಎಸ್‌ಡಿ ಮಾತ್ರ ಉಳಿಯಿತು, ಅದು ನೇರ ಮದರ್‌ಬೋರ್ಡಿನ ಮೇಲೇ ಕೂರುವಂಥದ್ದು, ಅದಕ್ಕೆ ಕರೆಂಟ್ ಮದರ್‌ಬೋರ್ಡಿನಿಂದಲೇ ಸಿಗುತ್ತದೆ.

ಆಮೇಲೆ ಬೇರೊಬ್ಬರು ಬಂದು ಅದೇ ಕೇಬಲ್‌ಗೆ ಮಲ್ಟಿಮೀಟರ್ ಹಿಡಿದರು. 5 ವೋಲ್ಟ್ ಬರಬೇಕಾದ ಪಿನ್‌ನಲ್ಲಿ ಮೀಟರ್ 12 ತೋರಿಸಿತು. ಅಲ್ಲಿ ಏರುಪೇರು ಇರಬಹುದಾದದ್ದು ಹೆಚ್ಚೆಂದರೆ ಶೇ. 5, ಅಂದರೆ 5.25 ವೋಲ್ಟ್‌ವರೆಗೆ. ಡಿಸ್ಕ್ ಹೇಗೆ ತಡೆದೀತು?

ಕೇಬಲ್ಲಿನ ಡಿಸ್ಕ್ ಕಡೆಯ ತುದಿ ಎಲ್ಲ ಕಂಪನಿಗಳದ್ದೂ ಒಂದೇ ರೀತಿ, ಅದಕ್ಕೊಂದು ನಿಯಮ ಇದೆ. ಎಸ್‌ಎಂಪಿಎಸ್ ಕಡೆಯ ತುದಿಗೆ ಅಂಥ ನಿಯಮ ಇಲ್ಲ. ಯಾವ ಪಿನ್‌ನಲ್ಲಿ ಎಷ್ಟು ವೋಲ್ಟ್ ಅನ್ನೋದು ಕಂಪನಿಯಿಂದ ಕಂಪನಿಗೆ ಬೇರೆ. ಒಂದೇ ಕಂಪನಿಯ ಎರಡು ಮಾಡೆಲ್‌ಗಳಲ್ಲೂ ಬೇರೆ ಇರಬಹುದು. ಆದರೆ ಪ್ಲಗ್‌ನ ಆಕಾರ ಎಷ್ಟೋ ಸಲ ಒಂದೇ. ಈಗಿನ ಎಷ್ಟೋ ಕೇಬಲ್‌ಗಳು ಪೂರ್ತಿ ಕಪ್ಪು ಬೇರೆ. ಮೊದಲಾದರೆ ಕೆಂಪು 5, ಹಳದಿ 12 ಅಂತ ಬಣ್ಣದಲ್ಲೇ ಗೊತ್ತಾಗುತ್ತಿತ್ತು. ವಾರಂಟಿ ಕೇಳಿದರೆ ಎಸ್‌ಎಂಪಿಎಸ್‌ಗೆ ಮಾತ್ರ ಅಂದರು, ಡಿಸ್ಕ್‌ಗೂ ಇಲ್ಲ, ಡೇಟಾಗೂ ಇಲ್ಲ.

ಹೊಸ ಎಸ್‌ಎಂಪಿಎಸ್ ಡಬ್ಬದಲ್ಲಿ ಬಂದ ಕೇಬಲ್‌ಗಳನ್ನೇ ಹಾಕಿಸಿ, ಒಂದನ್ನೂ ಬಿಡಬೇಡಿ. ಇನ್ನೊಂದು ಹತ್ತು ನಿಮಿಷ ಜಾಸ್ತಿ ಹಿಡಿಯಬಹುದು, ಹಿಡಿಯಲಿ. ಹಳೇ ಕೇಬಲ್‌ಗಳನ್ನು ಹಳೇ ಎಸ್‌ಎಂಪಿಎಸ್ ಜೊತೆಗೇ ಕೊಟ್ಟುಬಿಡಿ, ಡ್ರಾಯರಿನಲ್ಲಿ ಉಳಿದರೆ ಮುಂದೊಂದು ದಿನ ಯಾರೋ ಸಿಕ್ಕಿಸುತ್ತಾರೆ. ಸುಟ್ಟ ಎಸ್‌ಎಂಪಿಎಸ್ ಬಿಚ್ಚಿ ನೋಡಲು ಹೋಗಬೇಡಿ. ಪ್ಲಗ್ ತೆಗೆದ ಮೇಲೂ ಒಳಗಿನ ದೊಡ್ಡ ಕೆಪಾಸಿಟರ್‌ನಲ್ಲಿ (ಕರೆಂಟ್ ಹಿಡಿದಿಟ್ಟುಕೊಳ್ಳುವ ಭಾಗ) 300 ವೋಲ್ಟ್‌ಗಿಂತ ಜಾಸ್ತಿ ಉಳಿದಿರಬಹುದು.

ಆಗಲೇ ಹೀಗೆ ಡಿಸ್ಕ್ ಹೋಗಿದ್ದರೆ ಅದಕ್ಕೆ ಮತ್ತೆ ಮತ್ತೆ ಕರೆಂಟ್ ಕೊಡಬೇಡಿ. ಡೇಟಾ ರಿಕವರಿಯವರ ಹತ್ತಿರ ಹೋಗಿ, ತಪ್ಪು ಕೇಬಲ್‌ನಿಂದ ಹೀಗಾಯಿತು ಅಂತ ಬಿಡಿಸಿ ಹೇಳಿ. ಹಾರ್ಡ್ ಡಿಸ್ಕ್ ಬೋರ್ಡಿನಲ್ಲಿ ಟಿವಿಎಸ್ ಡಯೋಡ್ ಅಂತ ಇರುತ್ತದೆ. ವೋಲ್ಟೇಜ್ ಏರಿದಾಗ ಅದು ತಾನು ಶಾರ್ಟ್ ಆಗಿ ಉಳಿದದ್ದನ್ನು ಕಾಪಾಡುವುದುಂಟು. ನಮ್ಮ ಹಾರ್ಡ್ ಡಿಸ್ಕಿನ ಫೈಲ್‌ಗಳು ಹಾಗೆ ವಾಪಸ್ ಸಿಕ್ಕವು. ಎಸ್‌ಎಸ್‌ಡಿಯಲ್ಲಿದ್ದದ್ದು ಸಿಗಲಿಲ್ಲ.