ಕೂಡಿ ಹೂಡುವ ಪಾಠ: ಮಂಗಳೂರಿನ ಒಂದು ಕಾರ್ಯಾಗಾರ

ಹಲವರು ಹಣ ಕೂಡಿಸಿ ಇಡೀ ಅಪಾರ್ಟ್‌ಮೆಂಟ್ ಕಟ್ಟಡವನ್ನು ಕೊಂಡು, ಬಾಡಿಗೆಯನ್ನೂ ಮುಂದೆ ಮಾರಿದಾಗ ಬರುವ ಲಾಭವನ್ನೂ ಹಂಚಿಕೊಳ್ಳುವ ಸಿಂಡಿಕೇಷನ್ ವ್ಯವಹಾರವನ್ನು ಹೊಸಬರಿಗೆ ಕಲಿಸುವ ಕಾರ್ಯಾಗಾರವೊಂದು ಇತ್ತೀಚೆಗೆ ಮಂಗಳೂರಿನಲ್ಲಿ ನಡೆಯಿತು. ದಿನದಿನವೂ ಸಣ್ಣ ಮೊತ್ತ ಕಟ್ಟುವ ಪಿಗ್ಮಿ ಠೇವಣಿಯನ್ನು 1928ರಲ್ಲೇ ಕಂಡ ಕರಾವಳಿಗೆ ಹಣ ಕೂಡಿಸುವ ವಿದ್ಯೆ ಹೊಸತಲ್ಲವಾದ್ದರಿಂದ ಸಭಾಂಗಣ ತುಂಬಿದ್ದರಲ್ಲಿ ಆಶ್ಚರ್ಯವಿರಲಿಲ್ಲ.

ಬೆಳಗಿನ ಪಾಠ ಚೆನ್ನಾಗಿತ್ತು. ಅಮೆರಿಕದಲ್ಲಿ ಕಟ್ಟಡ ಹುಡುಕಿ, ಸಾಲ ಎತ್ತಿ, ನಿರ್ವಹಣೆಯನ್ನು ಹೊರುವ ಮುಖ್ಯ ಪಾಲುದಾರ ಯಾರು, ಹಣವನ್ನಷ್ಟೇ ಹಾಕಿ ಹಾಕಿದಷ್ಟಕ್ಕೇ ಹೊಣೆಯಾಗುವ ಸೀಮಿತ ಪಾಲುದಾರ ಯಾರು ಎಂಬುದನ್ನು ಉಪನ್ಯಾಸಕರು ಸ್ಪಷ್ಟವಾಗಿ ಬಿಡಿಸಿಟ್ಟರು. ಹೂಡಿಕೆದಾರ ಲಾಭಕ್ಕಾಗಿ ವರ್ಷಗಟ್ಟಲೆ ಕಾಯಬೇಕಾದರೂ ಮುಖ್ಯ ಪಾಲುದಾರನಿಗೆ ಖರೀದಿಯ ಹೊತ್ತಿಗೇ ಶುಲ್ಕ ಸಿಗುತ್ತದೆ ಎಂಬುದನ್ನೂ ಅವರು ಮುಚ್ಚಿಡಲಿಲ್ಲ.

ಮಧ್ಯಾಹ್ನ ಇದೇ ಲೆಕ್ಕವನ್ನು ಮಂಗಳೂರಿನದೇ ಬಡಾವಣೆಗಳಾದ ಕದ್ರಿ, ಬಿಜೈಗಳಿಗೆ ಅನ್ವಯಿಸಿದಾಗ ಪಾಠ ಸಡಿಲವಾಯಿತು. ನಮ್ಮಲ್ಲಿ ಫ್ಲ್ಯಾಟುಗಳು ಬಿಡಿಬಿಡಿಯಾಗಿ ಮಾರಾಟವಾಗುತ್ತವೆ. ಇಡೀ ಕಟ್ಟಡ ಒಂದೇ ಕ್ರಯಪತ್ರದಲ್ಲಿ ಸಿಗುವುದು ಅಪರೂಪ. 80 ಲಕ್ಷದ ಫ್ಲ್ಯಾಟಿಗೆ ತಿಂಗಳಿಗೆ 20 ಸಾವಿರ ಬಾಡಿಗೆ ಬಂದರೆ ವರ್ಷಕ್ಕೆ ಶೇ. 3ರಷ್ಟಾಯಿತು, ಅದರಲ್ಲೂ ಮನೆ ತೆರಿಗೆ, ದುರಸ್ತಿಗಳನ್ನು ಕಳೆಯಬೇಕು. ಸಾಲದ ಬಡ್ಡಿ ಇದರ ಎರಡು ಪಟ್ಟಿಗೂ ಮೀರುವಾಗ, ಸಾಲದ ಬಲದಿಂದ ಲಾಭ ಹೆಚ್ಚಿಸುವ ಅಮೆರಿಕದ ಸೂತ್ರ ಇಲ್ಲಿ ತಿರುಗುಬಾಣವಾಗುತ್ತದೆ. ಬೆಲೆ ಏರಿಕೆಯೊಂದನ್ನೇ ನಂಬಬೇಕಾದ ಈ ಸ್ಥಿತಿಯನ್ನು ಯಾರೂ ಬಿಡಿಸಿ ಹೇಳಲಿಲ್ಲ.

ಕಾನೂನಿನ ಭಾಗವಂತೂ ತೀರಾ ತೆಳು. ‘ಹಣ ಹಾಕಿ, ಉಳಿದದ್ದು ನಮಗೆ ಬಿಡಿ’ ಎಂಬುದು ದಿನವಿಡೀ ಕೇಳಿಬಂದ ಆಕರ್ಷಣೆ. ಆದರೆ ಲಾಭದ ಉದ್ದೇಶದಿಂದ ಹಲವರ ಹಣವನ್ನು ಒಟ್ಟುಗೂಡಿಸಿ, ದಿನನಿತ್ಯದ ನಿಯಂತ್ರಣ ಹೂಡಿಕೆದಾರರಿಗೆ ಇಲ್ಲದಂತೆ ಅವರ ಪರವಾಗಿ ನಿರ್ವಹಿಸುವುದು ಷೇರು ಮಾರುಕಟ್ಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿಯ ಕಾಯ್ದೆಯ 11ಎಎ ಸೆಕ್ಷನ್ನಿನಲ್ಲಿ ಸಾಮೂಹಿಕ ಹೂಡಿಕೆ ಯೋಜನೆಯ ಲಕ್ಷಣ. ಅದಕ್ಕೆ ನೋಂದಣಿ ಬೇಕು. ಎಲ್‌ಎಲ್‌ಪಿ (ಸೀಮಿತ ಹೊಣೆಯ ಪಾಲುದಾರಿಕೆ ಸಂಸ್ಥೆ) ಮಾಡಿಕೊಂಡ ಮಾತ್ರಕ್ಕೆ ಈ ಪ್ರಶ್ನೆ ಕರಗುವುದಿಲ್ಲ. 2024ರಲ್ಲಿ ಸೆಬಿ ತಂದ ಸಣ್ಣ ಮತ್ತು ಮಧ್ಯಮ ರೀಟ್‌ಗಳ (ಹಲವರ ಹಣದಿಂದ ಬಾಡಿಗೆ ತರುವ ಆಸ್ತಿ ಹೊಂದುವ ಟ್ರಸ್ಟ್‌ಗಳ) ಚೌಕಟ್ಟು ಕನಿಷ್ಠ 50 ಕೋಟಿಯ ಆಸ್ತಿ, 200 ಹೂಡಿಕೆದಾರರು, ತಲಾ 10 ಲಕ್ಷದ ಹೂಡಿಕೆಯನ್ನು ಕೇಳುತ್ತದೆ. ನಿರ್ಮಾಣ ಹಂತದ ಕಟ್ಟಡಗಳಿಗೆ ಅದರಲ್ಲಿ ಎಡೆಯಿಲ್ಲ. ಈ ವಿಷಯಕ್ಕೆ ಸಿಕ್ಕಿದ್ದು ಒಂದೇ ಸ್ಲೈಡು.

ಪರಿಭಾಷೆಯ ಪರಿಚಯವಷ್ಟೇ ಸಾಕೆನ್ನುವವರಿಗೆ ಕಾರ್ಯಾಗಾರ ಅಡ್ಡಿಯಿಲ್ಲ. ಗಲ್ಫ್‌ನ ಉಳಿತಾಯವನ್ನು ತೊಡಗಿಸಲು ಬಂದಿದ್ದವರೊಬ್ಬರು ಸೆಬಿ ನೋಂದಣಿಯ ಬಗ್ಗೆ ನೇರವಾಗಿ ಕೇಳಿದಾಗ, ಅದು ‘ಮುಂದಿನ ಹಂತದ ತರಬೇತಿ’ಯಲ್ಲಿ ಬರುತ್ತದೆ, ಶುಲ್ಕ ಬೇರೆ ಎಂಬ ಉತ್ತರ ಸಿಕ್ಕಿತು.